ಸರ್ಪಸುತ್ತು ಕೆಡಿಸಿಕೊಳ್ಳುವವರಿಗೊಂದು ಕೈಪಿಡಿ

ಮೊದಲು ಗಡಿಯಾರ ನೋಡಿಕೊಳ್ಳಿ. ಈ ವಿದ್ಯೆಯಲ್ಲಿ ಕಲಿಯಬೇಕಾದದ್ದು ಒಂದೇ, ಮೂರು ದಿನ ಕಳೆಯುವುದು. ಮೈಮೇಲೆ ಮೊದಲ ಗುಳ್ಳೆ ಎದ್ದ ಗಳಿಗೆಯಿಂದ ಲೆಕ್ಕ ಹಾಕಿ, 72 ಗಂಟೆ. ಅಷ್ಟರೊಳಗೆ ಸರಿಯಾದ ಮಾತ್ರೆ ಹೊಟ್ಟೆಗೆ ಬಿದ್ದರೆ ವೈರಸ್ಸಿನ ಆಟ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ, ನಿಮ್ಮ ಶ್ರಮವೆಲ್ಲ ನೀರಿನಲ್ಲಿ ಹೋಮ. ಆ ಗಡುವನ್ನು ಹೇಗಾದರೂ ದಾಟಿಬಿಡಿ. ಕಷ್ಟದ ಕೆಲಸವೇನಲ್ಲ. ನಮ್ಮ ಕಡೆ ಮನೆಮಂದಿ, ನೆಂಟರಿಷ್ಟರು, ಅಕ್ಕಪಕ್ಕದವರು ಎಲ್ಲ ಸೇರಿ ಆ ಮೂರು ದಿನವನ್ನು ಅಕ್ಕರೆಯಿಂದ ಕಳೆದುಕೊಡುತ್ತಾರೆ. ನೀವು ಮಂಚದ ಮೇಲೆ ಕೂತು ಹೂಂಗುಟ್ಟಿದರೆ ಸಾಕು.

ಹೇಳಲು ಇವನ್ಯಾರು ಅಂದಿರೋ? ಕೇಳಿ. 59ನೇ ವಯಸ್ಸಿನಲ್ಲಿ ನನಗೆ ಎಡ ಮೊಲೆಯ ಕೆಳಗಿಂದ ಬೆನ್ನುಮೂಳೆಯವರೆಗೆ ಸರ್ಪಸುತ್ತು ಎದ್ದಿತ್ತು. ಗುಳ್ಳೆಗಳು ಮೂರು ವಾರಕ್ಕೆ ಒಣಗಿ ಉದುರಿದವು. ಉರಿ ಮಾತ್ರ ಎರಡು ವರ್ಷ ನನ್ನ ಜೊತೆಗೇ ಎದ್ದು, ನನ್ನ ಜೊತೆಗೇ ಮಲಗಿತು. ಈ ಫಲಿತಾಂಶ ಸುಮ್ಮನೆ ಬಂದದ್ದಲ್ಲ. ಹಂತಹಂತವಾಗಿ, ಒಂದೂ ತಪ್ಪು ಬಿಡದೆ ಮಾಡಿ ಪಡೆದದ್ದು. ಆದ್ದರಿಂದ ಧೈರ್ಯವಾಗಿ ನನ್ನ ಮಾತು ನಂಬಿ.

ಬಂಡವಾಳ ಇದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಚಿಕ್ಕಂದಿನಲ್ಲಿ ನಿಮಗೆ ಸೀತಾಳೆ ಸಿಡುಬು ಆಗಿತ್ತೇ? ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ‘ಅಮ್ಮ ಬಂದಿದ್ದಾಳೆ’ ಎಂದು ಒಗ್ಗರಣೆ ನಿಲ್ಲಿಸಿ, ನಿಮ್ಮನ್ನು ಮೂಲೆಯ ಚಾಪೆಯಲ್ಲಿ ಮಲಗಿಸಿದ್ದು ನೆನಪಿದೆಯೇ? ಇದ್ದರೆ ಬಂಡವಾಳ ಭದ್ರವಾಗಿದೆ. ನೀರು ಹಾಕಿ ಅಮ್ಮನನ್ನು ಕಳಿಸಿದೆವು ಎಂದು ಅಜ್ಜಿ ಅಂದುಕೊಂಡರಲ್ಲ, ಆಕೆ ಹೋಗಿರುವುದಿಲ್ಲ. ಆ ವೈರಸ್ಸು ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ, ಮುಖದ ನರಗಳ ಬುಡದಲ್ಲಿ, ಬಾಡಿಗೆ ಕೊಡದ ಬಿಡಾರದವನ ಹಾಗೆ ಸದ್ದಿಲ್ಲದೆ ಕೂತಿರುತ್ತದೆ. ನಲವತ್ತು ವರ್ಷ, ಐವತ್ತು ವರ್ಷ. ವಯಸ್ಸಾಗಿ ಮೈಯ ಕಾವಲು ತೂಕಡಿಸಿದಾಗ ಎದ್ದು, ಕೂತಿದ್ದ ನರವನ್ನೇ ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಇದನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಹೋಪ್-ಸಿಂಪ್ಸನ್ ಎಂಬ ಇಂಗ್ಲೆಂಡಿನ ಡಾಕ್ಟರು. ದೊಡ್ಡ ಪ್ರಯೋಗಾಲಯದವರಲ್ಲ, ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ಜ್ವರ ನೆಗಡಿ ನೋಡುತ್ತಿದ್ದವರು. ತಮ್ಮ ಬಳಿ ಬಂದ ರೋಗಿಗಳನ್ನೇ 16 ವರ್ಷ ಬರೆದಿಟ್ಟುಕೊಂಡು 1965ರಲ್ಲಿ ವಿವರವಾದ ಲೇಖನ ಪ್ರಕಟಿಸಿದರು. ಇಂಥ ತಾಳ್ಮೆಯವರು ನಿಮ್ಮ ಬೀದಿಯಲ್ಲಿ ಇದ್ದರೆ ಅವರ ಕಣ್ಣಿಗೆ ಬೀಳಬೇಡಿ.

ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಒಳ್ಳೆಯದು. ಮಾತ್ರೆ ತಪ್ಪಿಸುತ್ತಾ ಬನ್ನಿ. ಮಂಡಿ ನೋವಿಗೆಂದು ಯಾರೋ ಕೊಟ್ಟ ಹೆಸರಿಲ್ಲದ ಪುಡಿಯನ್ನು ಜೇನಿನಲ್ಲಿ ಕಲಸಿ ತಿನ್ನಿ. ಅಂಥ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಮೈಯ ಕಾವಲುಗಾರನಿಗೆ ಅದು ಒಳ್ಳೆಯ ಜೋಗುಳ.

ಇನ್ನು ಕೆಲಸ ಶುರು. ಗುಳ್ಳೆ ಏಳುವ ಮುಂಚೆಯೇ, ಒಂದೆರಡು ದಿನದಿಂದ ನಾಲ್ಕೈದು ದಿನ ಮೊದಲು, ಮೈಯ ಒಂದೇ ಪಕ್ಕದಲ್ಲಿ ಉರಿ, ಚುಚ್ಚು, ಜುಮುಜುಮು ಕಾಣುತ್ತದೆ. ಹೊರಗೆ ನೋಡಿದರೆ ಏನೂ ಇಲ್ಲ. ಇದನ್ನು ‘ಗ್ಯಾಸ್’ ಎಂದು ಕರೆಯಿರಿ. ಕನ್ನಡನಾಡಿನಲ್ಲಿ ಹೊಕ್ಕುಳಿಂದ ಕುತ್ತಿಗೆಯವರೆಗಿನ ಸಕಲ ನೋವಿಗೂ ಇದೊಂದೇ ಹೆಸರು, ಯಾರೂ ಎದುರಾಡುವುದಿಲ್ಲ. ಓಮದ ನೀರು ಕುಡಿಯಿರಿ. ಜೀರಿಗೆ ಕಷಾಯ ಕುಡಿಯಿರಿ. ಹಿಂಗು ಕಲಸಿ ಹೊಕ್ಕುಳಿಗೆ ಹಚ್ಚಿ. ಎಡ ಎದೆಯ ನೋವಾದ್ದರಿಂದ ನಾನು ಒಂದು ಇ.ಸಿ.ಜಿ.ಯನ್ನೂ ತೆಗೆಸಿದೆ. ಅದು ಸರಿ ಬಂತು. ನೀವೂ ತೆಗೆಸಿ, ಎದೆನೋವಿಗೆ ಅದು ಬೇಕಾದದ್ದೇ, ಅದನ್ನು ಮಾತ್ರ ಕೆಡಿಸಲು ನನಗೂ ಧೈರ್ಯವಿಲ್ಲ. ಸರಿ ಬಂದಮೇಲೆ ಆ ಉದ್ದನೆಯ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ‘ನನಗೇನೂ ಆಗಿಲ್ಲ’ ಎಂದು ಕಂಡಕಂಡವರಿಗೆ ತೋರಿಸಿ.

ಎರಡು ದಿನ ಬಿಟ್ಟು, ಸ್ನಾನದ ಮನೆಯ ಕನ್ನಡಿಯಲ್ಲಿ ಕೆಂಪು ಪಟ್ಟಿ ಕಾಣುತ್ತದೆ. ಅದರ ಮೇಲೆ ಸಾಬೂದಾನಿ ಅಂಟಿಸಿದಂತೆ ನೀರುಗುಳ್ಳೆಗಳ ಗೊಂಚಲು. ಗಡಿಯಾರ ಓಡತೊಡಗಿದೆ. ‘ರೀ, ಡಾಕ್ಟರ ಹತ್ರ ಹೋಗಿ ಬನ್ರೀ’ ಎನ್ನುತ್ತಾಳೆ ಹೆಂಡತಿ. ‘ಏನೋ ಹುಳ ಹರಿದಿರಬೇಕು ಕಣೇ, ನಾಳೆ ನೋಡೋಣ’ ಎನ್ನಿ. ಈ ‘ನಾಳೆ ನೋಡೋಣ’ಕ್ಕೆ 24 ಗಂಟೆಯ ಬೆಲೆಯಿದೆ. ಮೂರು ಸಲ ಅಂದರೆ ಲೆಕ್ಕ ಚುಕ್ತಾ.

ಆದರೆ ಒಬ್ಬರೇ ಮಾಡುವ ಕೆಲಸದಲ್ಲಿ ಸೊಗಸಿಲ್ಲ. ತಾಯಿ ಬದುಕಿದ್ದರೆ ತಾಯಿಗೆ, ಇಲ್ಲವಾದರೆ ಊರಲ್ಲಿರುವ ದೊಡ್ಡಮ್ಮನಿಗೆ ಫೋನು ಮಾಡಿ. ‘ಯಾವ ಹುತ್ತ ತುಳಿದೆಯೋ ಮಗನೆ?’ ಎಂದು ಅವರು ಕೇಳೇ ಕೇಳುತ್ತಾರೆ. ಆಗ ನಿಧಾನವಾಗಿ ನೆನಪು ಮಾಡಿಕೊಳ್ಳಿ. ಇಪ್ಪತ್ತು ವರ್ಷದ ಹಿಂದೆ ಥರ್ಟಿ-ಫಾರ್ಟಿ ಸೈಟು ತೆಗೆದುಕೊಂಡಾಗ ಮೂಲೆಯಲ್ಲಿ ಒಂದು ದಿಬ್ಬ ಇತ್ತಲ್ಲ, ಜೆ.ಸಿ.ಬಿ. ತರಿಸಿ ಸಮ ಮಾಡಿಸಿದಿರಲ್ಲ? ಅದು ಹುತ್ತವೇ ಇರಬೇಕು. ಇಂಥ ದಿಬ್ಬವಿಲ್ಲದ ಲೇಔಟು ನಮ್ಮ ರಾಜ್ಯದಲ್ಲಿ ಇಲ್ಲವಾದ್ದರಿಂದ ಈ ಹಂತದಲ್ಲಿ ಯಾರೂ ಫೇಲಾಗುವುದಿಲ್ಲ. ಇನ್ನು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಮಾಡಿಸಲು ತಯಾರಿ ನಡೆಸಿ. ಅದು ಎರಡು ದಿನದ ಕಾರ್ಯ, ಮುಂಗಡ ಹೆಸರು ಬರೆಸಬೇಕು, ಹೋಗಿ ಬರಲು ಶಿರಾಡಿ ಘಾಟಿ ಹತ್ತಿಳಿಯಬೇಕು. ದೇವರಿಗೂ ಮಾತ್ರೆಗೂ ಏನೂ ಜಗಳವಿಲ್ಲ, ಮಾತ್ರೆ ನುಂಗಿಯೂ ಹೋಗಬಹುದಿತ್ತು ಎಂದು ಯಾರಾದರೂ ಅಂದರೆ ಮುಖ ಗಂಟಿಕ್ಕಿ. ಒಂದು ಸಣ್ಣ ಉಪಾಯ ಹೇಳುತ್ತೇನೆ. ದಿನಾಂಕವನ್ನು ಮೂರು ವಾರದ ಆಚೆಗೆ ಇಟ್ಟುಕೊಳ್ಳಿ. ಏನೂ ಮಾಡದಿದ್ದರೂ ಗುಳ್ಳೆಗಳು ಎರಡರಿಂದ ನಾಲ್ಕು ವಾರದಲ್ಲಿ ತಾವಾಗಿಯೇ ಒಣಗುತ್ತವೆ. ಅಂದ ಮೇಲೆ ಹರಕೆ ಫಲಿಸದೆ ಎಲ್ಲಿಗೆ ಹೋದೀತು?

ಈ ನಡುವೆ ಕೆಮ್ಮಣ್ಣು ಹಚ್ಚುವವರನ್ನು ಕರೆಸಿ. ನನಗೆ ಹಚ್ಚಿದವರು ಎಪ್ಪತ್ತು ದಾಟಿದ ಹಿರಿಯರು, ಒಳ್ಳೆಯವರು, ದುಡ್ಡು ಮುಟ್ಟಲಿಲ್ಲ. ಎಲೆಅಡಿಕೆಯ ತಟ್ಟೆಗೆ ಕೈಮುಗಿದು ಕೆಮ್ಮಣ್ಣನ್ನು ನೀರಲ್ಲಿ ಕಲಸಿ, ಕೋಳಿಪುಕ್ಕದಿಂದ ಗುಳ್ಳೆಗಳ ಸುತ್ತ ಕಟ್ಟು ಹಾಕಿದರು. ತುಟಿ ಅಲುಗುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ತಣ್ಣಗಾಯಿತು, ಸುಳ್ಳು ಹೇಳಲಾರೆ. ಹೋಗುವಾಗ ಅವರು ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೆ, ‘ತಲೆ ಬಾಲ ಕೂಡದ ಹಾಗೆ ನೋಡ್ಕೊಳ್ಳವ್ವ, ಕೂಡಿದ್ರೆ ಆಸೆ ಇಲ್ಲ’ ಎಂದರು. ಅಂದಿನಿಂದ ಆಕೆ ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು, ಟೈಲರಿಂಗ್ ಟೇಪಿನಲ್ಲಿ ನನ್ನ ಎದೆ ಅಳೆದಳು. ನೀವೂ ಅಳೆಸಿಕೊಳ್ಳಿ. ವೈರಸ್ಸು ಒಂದು ನರದ ಗಂಟಿನಿಂದ ಹೊರಡುತ್ತದೆ, ಆ ನರ ಮೈಯ ಅರ್ಧಕ್ಕಷ್ಟೇ ಹರಿದಿರುತ್ತದೆ, ಆದ್ದರಿಂದ ಸುತ್ತು ಸಾಮಾನ್ಯವಾಗಿ ನಡುಗೆರೆಗೆ ಬಂದು ನಿಂತುಬಿಡುತ್ತದೆ ಎಂಬ ವಿಷಯ ಮನೆಯಲ್ಲಿ ಯಾರಿಗೂ ತಿಳಿಯದಿರಲಿ. ತಿಳಿದರೆ ಟೇಪು ಪೆಟ್ಟಿಗೆಗೆ ಹೋಗುತ್ತದೆ, ಜನ ಆಸ್ಪತ್ರೆಯ ಮಾತು ಎತ್ತುತ್ತಾರೆ. ಎರಡೂ ಪಕ್ಕದಲ್ಲಿ, ಅಥವಾ ಮೈತುಂಬ ಗುಳ್ಳೆ ಎದ್ದರೆ ಅದು ಬೇರೆಯೇ ಸಂಗತಿ. ಮೈಯ ಕಾವಲೇ ಕುಸಿದಿದೆ ಎಂಬ ಸೂಚನೆ ಅದು, ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ. ಆ ಚೀಟಿಯನ್ನು ಪಂಚಾಂಗದೊಳಗೆ ಇಟ್ಟು ಮರೆಯಿರಿ.

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸಿ, ಗೌರವ ಹೆಚ್ಚುತ್ತದೆ. ಈ ರೋಗದ ‘ಹರ್ಪಿಸ್ ಜೋಸ್ಟರ್’ ಎಂಬ ಇಂಗ್ಲಿಷ್ ಹೆಸರಿನಲ್ಲಿರುವ ‘ಹರ್ಪಿಸ್’ ಗ್ರೀಕರದು, ತೆವಳುವುದು ಎಂಬ ಧಾತುವಿನಿಂದ ಬಂದದ್ದು. ನಮ್ಮ ‘ಸರ್ಪ’ವೂ ತೆವಳು ಎಂಬ ಅರ್ಥದ ಸಂಸ್ಕೃತ ಧಾತುವಿನದು. ಎರಡೂ ಒಂದೇ ಬೇರಿನ ಚಿಗುರುಗಳು. ‘ಜೋಸ್ಟರ್’ ಎಂದರೆ ನಡುಪಟ್ಟಿ. ಅಂದರೆ ಗ್ರೀಕನೂ ನಮ್ಮ ದೊಡ್ಡಮ್ಮನೂ ಒಂದೇ ಗುಳ್ಳೆ ನೋಡಿ ಹೆಚ್ಚುಕಡಿಮೆ ಒಂದೇ ಹೆಸರಿಟ್ಟರು. ಈ ವಿಷಯವನ್ನು ನೋಡಲು ಬಂದವರಿಗೆಲ್ಲ ಕೂರಿಸಿ ವಿವರಿಸಿ. ಕಾಫಿ ಸೇರಿ ತಲೆಗೆ ಅರ್ಧ ಗಂಟೆ ಹಿಡಿಯುತ್ತದೆ. ಹತ್ತು ಜನ ಬಂದರೆ ಐದು ಗಂಟೆ ಕಳೆದಂತೆ.

ಮೆಡಿಕಲ್ ಶಾಪಿಗೆ ಹೋಗುವುದಿದ್ದರೆ ಧಾರಾಳವಾಗಿ ಹೋಗಿ, ಚೀಟಿ ಮಾತ್ರ ಒಯ್ಯಬೇಡಿ. ಶರ್ಟು ಸ್ವಲ್ಪ ಎತ್ತಿ ತೋರಿಸಿ. ಕೌಂಟರಿನ ಹುಡುಗ ಅರ್ಧ ಸೆಕೆಂಡು ನೋಡಿ ಒಂದು ಟ್ಯೂಬು ಕೊಡುತ್ತಾನೆ. ಹುಳಕಡ್ಡಿಗೆ ಒಂದು, ಕೀವಿಗೆ ಒಂದು, ಕೆರೆತಕ್ಕೆ ಸ್ಟಿರಾಯ್ಡ್ ಒಂದು, ಎಲ್ಲ ಒಟ್ಟಿಗೆ ಬೆರೆಸಿದ ಅವಿಯಲ್ಲು. ಅದರಲ್ಲಿ ನಿಮ್ಮ ವೈರಸ್ಸಿನ ಕೂದಲು ಕೊಂಕಿಸುವುದು ಏನೂ ಇರುವುದಿಲ್ಲ. ದಿನಕ್ಕೆ ಮೂರು ಸಲ ಒತ್ತಿ ಒತ್ತಿ ಹಚ್ಚಿ.

ಇಷ್ಟಾದರೂ ಕೆಲವರ ಮನೆಯಲ್ಲಿ ಓದಿದ ಸೊಸೆ ಇರುತ್ತಾಳೆ. ಆಟೋ ಹತ್ತಿಸಿಬಿಡುತ್ತಾಳೆ. ಡಾಕ್ಟರು ಅಸೈಕ್ಲೊವಿರ್ ಬರೆದೇಬಿಡುತ್ತಾರೆ: 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಕಂಗಾಲಾಗಬೇಡಿ, ಕೆಡಿಸಲು ಇನ್ನೂ ದಾರಿಯಿದೆ. ‘ದಿನಕ್ಕೆ ಐದು ಮಾತ್ರೆಯೇ? ಹೀಟಾಗುತ್ತೆ’ ಎಂದು ಎರಡಕ್ಕೆ ಇಳಿಸಿ. ಮೂರನೆಯ ದಿನ ಉರಿ ಒಂದು ಗುಲಗಂಜಿ ತಗ್ಗಿದರೆ ನಿಲ್ಲಿಸಿಬಿಡಿ. ಮಿಕ್ಕವನ್ನು ಫ್ರಿಜ್ಜಿನ ಬಾಗಿಲಲ್ಲಿ, ಹಳೆಯ ಕಣ್ಣಿನ ಡ್ರಾಪ್ಸ್ ಪಕ್ಕ ಜೋಡಿಸಿ. ದಿನಕ್ಕೆ ಮೂರೇ ಸಲ ನುಂಗುವ ವ್ಯಾಲಾಸೈಕ್ಲೊವಿರ್ ಎಂಬುದೂ ಇದೆ, ಕೇಳಲು ಹೋಗಬೇಡಿ.

ಈ ಅಸೈಕ್ಲೊವಿರ್ ಮಾತ್ರೆಯ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ, ಅಷ್ಟು ಚೆಂದದ ಕಲ್ಪನೆ ಅದು. ನುಂಗಿದಾಗ ನಿದ್ರೆಯಲ್ಲಿರುತ್ತದೆ. ಆರೋಗ್ಯವಾಗಿರುವ ಜೀವಕೋಶ ಅದನ್ನು ಎಬ್ಬಿಸುವುದಿಲ್ಲವೆಂದೇ ಹೇಳಬಹುದು. ವೈರಸ್ಸು ಹೊಕ್ಕ ಕೋಶದಲ್ಲಿ ಮಾತ್ರ ವೈರಸ್ಸಿನದೇ ಒಂದು ಕಿಣ್ವ ಅದನ್ನು ತಟ್ಟಿ ಎಬ್ಬಿಸುತ್ತದೆ, ಎದ್ದ ಮಾತ್ರೆ ವೈರಸ್ಸು ಮರಿಹಾಕುವುದನ್ನೇ ನಿಲ್ಲಿಸುತ್ತದೆ. ಯಕ್ಷಗಾನದ ಭಸ್ಮಾಸುರ ತನ್ನ ಕೈಯನ್ನು ತನ್ನ ತಲೆಯ ಮೇಲೇ ಇಟ್ಟುಕೊಂಡನಲ್ಲ, ಹಾಗೆ. ಈ ಮೋಹಿನಿಯನ್ನು ಕುಣಿಸಿದ ತಂಡದ ಹಿಂದೆ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆ ಇದ್ದರು. ಪಿಎಚ್.ಡಿ. ಮುಗಿಸದವರು, 1988ರಲ್ಲಿ ನೊಬೆಲ್ ಹಂಚಿಕೊಂಡವರು. ಅವರ ಶ್ರಮವೆಲ್ಲ ಈಗ ನಿಮ್ಮ ಫ್ರಿಜ್ಜಿನ ಬಾಗಿಲಲ್ಲಿದೆ.

ಎದೆ ಬೆನ್ನಿನ ಸುತ್ತು ಪ್ರಾಥಮಿಕ ಶಾಲೆ. ದೊಡ್ಡ ಡಿಗ್ರಿ ಬೇಕೆನ್ನುವವರು ಮುಖದ ಮೇಲೆ ಬರಿಸಿಕೊಳ್ಳಬೇಕು. ಹಣೆಯ ಒಂದು ಪಕ್ಕ, ಹುಬ್ಬು, ರೆಪ್ಪೆ. ಒಂದು ಕುರುಹು ಹೇಳಿಕೊಡುತ್ತೇನೆ. ಮೂಗಿನ ತುದಿಯಲ್ಲಿ ಗುಳ್ಳೆ ಇದೆಯೇ ನೋಡಿ. ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಒಂದೇ ನರದ ಕವಲು ಹೋಗುತ್ತದೆ, ಅಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಇಳಿಯುವ ಸಂಭವ ಜಾಸ್ತಿ. ಹಚಿನ್‌ಸನ್ ಎಂಬ ಬ್ರಿಟಿಷ್ ಡಾಕ್ಟರು ಹತ್ತೊಂಬತ್ತನೆಯ ಶತಮಾನದಲ್ಲೇ ಗಮನಿಸಿದ ಗುಟ್ಟು ಇದು, ಅದಕ್ಕೆ ಅವರದೇ ಹೆಸರಿದೆ. ಇದನ್ನು ತಿಳಿದವರು ಆ ರಾತ್ರಿಯೇ ಕಣ್ಣಿನ ಡಾಕ್ಟರ ಬಾಗಿಲು ತಟ್ಟುತ್ತಾರೆ. ನೀವು ‘ಮೂಗಿನ ಮೇಲೊಂದು ಮೊಡವೆ’ ಎಂದು ನಕ್ಕುಬಿಡಿ.

ಕಣ್ಣು ಕೆಂಪಾದರೆ ರೋಸ್ ವಾಟರ್ ಬಿಡಿ. ನಂದಿಬಟ್ಟಲು ಹೂವಿನ ರಸ ಹಿಂಡಿ. ಬಾಣಂತಿ ಇರುವ ಮನೆಯಾದರೆ ಎದೆಹಾಲು ಬೇಡಿ ತನ್ನಿ. ಬೆಳಕು ನೋಡಲಾಗದೆ, ಕಣ್ಣಿನೊಳಗೇ ಯಾರೋ ಹೆಬ್ಬೆರಳು ಒತ್ತಿದಂತೆ ನೋವು ಬಂದರೆ ಕಣ್ಣಿನ ಒಳಪೊರೆಗಳಿಗೆ ಉರಿಯೂತ ಹತ್ತಿದೆ ಎಂದು ತಿಳಿಯಿರಿ. ಕಣ್ಣಿನೊಳಗಿನ ಒತ್ತಡವೂ ಏರುತ್ತಿರಬಹುದು. ಕೂಲಿಂಗ್ ಗ್ಲಾಸು ಹಾಕಿಕೊಂಡು ಮಗುವಿನ ನಾಮಕರಣಕ್ಕೆ ಹೋಗಿ ಬನ್ನಿ. ಭಾವನಿಗೆ ಪೊರೆ ಆಪರೇಷನ್ ಆದಾಗ ಬರೆದುಕೊಟ್ಟಿದ್ದ ಡ್ರಾಪ್ಸ್ ಉಳಿದಿರುತ್ತದೆ, ಅದನ್ನೂ ಬಿಡಿ. ಯಾವಾಗ, ಯಾರಿಗೆ, ಯಾವುದರ ಜೊತೆ ಹಾಕಬೇಕು ಎಂದು ಅಳೆದು ಕೊಡಬೇಕಾದ ಔಷಧಿ ಅದು. ಅಳೆಯದೆ ಹಾಕುವುದರಲ್ಲೇ ನಮ್ಮ ಸ್ವಾರಸ್ಯ.

ಸ್ವಲ್ಪ ದಿನಕ್ಕೆ ಕಣ್ಣಿನ ನೋವು ನಿಂತೇಹೋದರೆ ಹಬ್ಬ ಮಾಡಿ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲದ ಸ್ಪರ್ಶವೇ ಸತ್ತಿರಬಹುದು. ಇನ್ನು ಮೇಲೆ ಮರಳು ಬಿದ್ದರೂ ತಿಳಿಯುವುದಿಲ್ಲ, ರೆಪ್ಪೆಗೂದಲು ಗೀರಿದರೂ ತಿಳಿಯುವುದಿಲ್ಲ. ನೋವಿಲ್ಲದ ಹುಣ್ಣು ತನ್ನಷ್ಟಕ್ಕೆ ತಾನು ಕೊರೆಯುತ್ತಾ ಹೋಗುತ್ತದೆ. ‘ನೋವಿಲ್ಲ, ಮಂಜು ಮಾತ್ರ’ ಎಂದು ಎಲ್ಲರಿಗೂ ಹೇಳಿ. ಅಪರೂಪಕ್ಕೆ ಕೆಲವರಿಗೆ ವೈರಸ್ಸು ಕಣ್ಣಿನ ಹಿಂಬದಿಯ ಅಕ್ಷಿಪಟಕ್ಕೇ ಕೈಹಾಕಿ ದಿನಗಳೊಳಗೆ ಅದನ್ನು ಕೊಳೆಸುತ್ತದೆ. ಆ ಮಟ್ಟ ಮುಟ್ಟಿದವರಿಗೆ ನನ್ನ ಪಾಠ ಬೇಕಿಲ್ಲ.

ಕಿವಿಯ ವಿಚಾರ ಬೇಗ ಮುಗಿಸುತ್ತೇನೆ. ಕಿವಿಯ ಸುತ್ತ, ಒಳಗೆ, ಕೆಲವೊಮ್ಮೆ ಅಂಗುಳಲ್ಲಿ ಗುಳ್ಳೆ. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಒಂದು ಪಕ್ಕದಿಂದ ಸೋರಿಹೋಗುತ್ತದೆ, ಆ ಕಡೆಯ ಕಣ್ಣು ಮುಚ್ಚುವುದಿಲ್ಲ, ತಲೆ ಗಿರ್ರೆನ್ನುತ್ತದೆ. ರಾಮ್ಸೆ ಹಂಟ್ ಎಂಬ ಅಮೆರಿಕದ ನರತಜ್ಞರು 1907ರಲ್ಲಿ ಬಿಡಿಸಿಟ್ಟ ಕಾಯಿಲೆ. 2022ರಲ್ಲಿ ಗಾಯಕ ಜಸ್ಟಿನ್ ಬೀಬರ್ ಅರ್ಧ ಮುಖ ಅಲುಗದೆ ವಿಡಿಯೊದಲ್ಲಿ ಕಾಣಿಸಿಕೊಂಡು, ಕಾರ್ಯಕ್ರಮಗಳನ್ನು ಮುಂದೂಡಿದ್ದು ಇದರಿಂದಲೇ. ನೀವು ವಿಡಿಯೊ ಮಾಡಬೇಡಿ. ‘ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ, ಗಾಳಿ ಹೊಡೆದಿದೆ’ ಎನ್ನಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಬೆಚ್ಚಗೆ ಕಿವಿಗೆ ಬಿಡಿ, ಮೇಲೆ ಹತ್ತಿ ತುರುಕಿ, ಮಫ್ಲರು ಸುತ್ತಿ. ಮಫ್ಲರು ಸುತ್ತಿದ ಮೇಲೆ ಗುಳ್ಳೆ ಯಾರಿಗೂ ಕಾಣುವುದಿಲ್ಲ, ಕಾಣದಿದ್ದರೆ ಯಾರೂ ಪತ್ತೆ ಹಚ್ಚುವುದಿಲ್ಲ. ಬೇಗ ಪತ್ತೆಯಾದರೆ ಮುಖ ನೆಟ್ಟಗಾಗುವ ಆಸೆ ಹೆಚ್ಚು, ಎಚ್ಚರವಿರಲಿ.

ಅದಕ್ಕೂ ಮೇಲಿನದು ಮಿದುಳು. ಈ ವೈರಸ್ಸು ನರದ ಜಾಡು ಹಿಡಿದು ಮಿದುಳಿನ ರಕ್ತನಾಳಗಳ ಗೋಡೆಗೇ ನುಗ್ಗಬಲ್ಲದು. ಗೋಡೆ ಊದಿಕೊಂಡು ಒಳದಾರಿ ಕಿರಿದಾದರೆ ಪಾರ್ಶ್ವವಾಯು. ಗುಳ್ಳೆ ಒಣಗಿ ವಾರಗಳು, ತಿಂಗಳುಗಳು ಕಳೆದ ಮೇಲೂ ಬರಬಹುದು, ಅದರಲ್ಲೂ ಹಣೆ ಕಣ್ಣಿಗೆ ಬಂದವರಿಗೆ ಆ ಭಯ ಹೆಚ್ಚು. ಹಾಗಾಗಿ, ಮಾತು ತೊದಲಿದರೆ, ಒಂದು ಕೈ ಸೋತರೆ, ‘ಸರ್ಪಸುತ್ತು ಹೋಗಿ ಎರಡು ತಿಂಗಳಾಯ್ತಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ’ ಎಂದು ಡಾಕ್ಟರ ಮುಂದೆ ಅದರ ಸುದ್ದಿಯನ್ನೇ ಎತ್ತಬೇಡಿ. ಕೆಲವರಿಗೆ ಮಿದುಳಿಗೇ ಉರಿಯೂತವಾಗಿ ಜ್ವರ, ತಲೆನೋವು, ಗಲಿಬಿಲಿ ಬರುತ್ತದೆ. ಅಜ್ಜ ಮಧ್ಯಾಹ್ನ ಮೂರಕ್ಕೆ ಎದ್ದು ‘ಹಾಲು ಕರೆಯೋಕೆ ಹೊತ್ತಾಯ್ತು’ ಎಂದು, ನಲವತ್ತು ವರ್ಷದ ಹಿಂದೆ ಮಾರಿದ ಹಸುವನ್ನು ಹುಡುಕಿದರೆ, ‘ವಯಸ್ಸಾಯ್ತು ಪಾಪ’ ಎನ್ನಿ. ಒಬ್ಬರ ಮನೆಯಲ್ಲಿ ಹೀಗೇ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮುಂದಿನದು ಇಲ್ಲಿ ಬೇಡ.

ಪರೋಪಕಾರ ಮರೆಯಬಾರದು. ನಿಮ್ಮ ಗುಳ್ಳೆಯ ನೀರು ತಾಗಿದವರಿಗೆ ಸರ್ಪಸುತ್ತು ಬರುವುದಿಲ್ಲ, ಆದರೆ ಸೀತಾಳೆ ಆಗದವರಿಗೆ, ಅದರ ಲಸಿಕೆ ಹಾಕಿಸದವರಿಗೆ ಸೀತಾಳೆ ಬರಬಹುದು. ಒಣಗುವ ತನಕ ಬಟ್ಟೆ ಮುಚ್ಚಿಕೊಂಡರೆ ಸಾಕು, ಅಪಾಯ ಬಹಳ ತಗ್ಗುತ್ತದೆ. ಮುಚ್ಚಬೇಡಿ. ಗಾಳಿಯಾಡಲಿ ಎಂದು ಬರಿಮೈಯಲ್ಲಿ ಜಗುಲಿಯಲ್ಲಿ ಕೂತು, ಬಾಣಂತನಕ್ಕೆ ಬಂದ ಮಗಳ ಕೂಸನ್ನು ಎದೆಗೆ ಒರಗಿಸಿಕೊಳ್ಳಿ. ಏಳು ತಿಂಗಳ ಬಸುರಿ ಸೊಸೆಗೆ ಟವೆಲು ಒಗೆಯಲು ಕೊಡಿ. ಮಡಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ, ದೇವರ ಮನೆಗೆ ಹೋಗಬೇಡಿ.

ಇಷ್ಟು ಮಾಡಿ ಮೂರು ತಿಂಗಳು ಕಳೆದ ಮೇಲೂ ಉರಿ ಉಳಿದಿದ್ದರೆ ಅಭಿನಂದನೆಗಳು. ನೀವು ಪಾಸಾಗಿದ್ದೀರಿ. ಚರ್ಮದ ಮೇಲೆ ತಿಳಿ ಕಂದು ಕಲೆ ಬಿಟ್ಟರೆ ಏನೂ ಕಾಣುವುದಿಲ್ಲ, ಆದ್ದರಿಂದ ಯಾರೂ ನಂಬುವುದೂ ಇಲ್ಲ. ನರ ಹಾಳಾಗಿದೆ, ಸುಳ್ಳು ಸುದ್ದಿ ಕಳಿಸುತ್ತಿದೆ. ಈ ಉರಿಯ ಒಂದು ವಿಚಿತ್ರ ಕೇಳಿ. ಅಂಗೈಯಿಂದ ಗಟ್ಟಿಯಾಗಿ ಒತ್ತಿಕೊಂಡರೆ ಹಾಯೆನಿಸುತ್ತದೆ, ಬನಿಯನ್ನು ಸೋಕಿದರೆ ಜೀವ ಹೋಗುತ್ತದೆ. ನನ್ನ ಹೆಂಡತಿ ನನ್ನ ನಾಲ್ಕು ಬನಿಯನ್ನುಗಳಿಗೂ ಎಡಗಡೆ, ಕಂಕುಳಿಂದ ಒಂದು ಗೇಣು ಕೆಳಗೆ, ಅಂಚೆ ಕಾರ್ಡಿನಷ್ಟು ಅಗಲ ಕತ್ತರಿಸಿ, ನೂಲು ಬಿಡದಂತೆ ಅಂಚು ಹೊಲಿದುಕೊಟ್ಟಳು. ಒಣಗಲು ತಂತಿಯ ಮೇಲೆ ಹಾಕಿದರೆ ನಾಲ್ಕು ಕಿಟಕಿ ತೆರೆದಂತೆ ಕಾಣುತ್ತಿತ್ತು. ಹಾಲು ತರುವ ಹುಡುಗ ‘ಇಲಿ ಕಾಟನಾ ಅಮ್ಮ?’ ಎಂದು ಕೇಳಿದ್ದ. ನೀವು ಕತ್ತರಿಸುವಾಗ ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳಿ. ನಮ್ಮದು ಮೊದಲನೆಯದು ಡೊಂಕಾಗಿ ಹೋಯಿತು.

ಫ್ಯಾನಿನ ಗಾಳಿಯೂ ಬ್ಲೇಡಿನಂತೆ ಗೀರುತ್ತದೆ. ಏಪ್ರಿಲ್ಲಿನಲ್ಲೂ ಫ್ಯಾನು ಆರಿಸಿ ಮಲಗುವುದನ್ನು ರೂಢಿಮಾಡಿಕೊಳ್ಳಿ, ಮನೆಯವರಿಗೂ ರೂಢಿಮಾಡಿಸಿ. ಈ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಎಂಬ ಬೇರೆ ಜಾತಿಯವನ್ನು ಸಣ್ಣ ಪ್ರಮಾಣದಿಂದ ಮೆಲ್ಲಗೆ ಏರಿಸಿ ಕೊಡುತ್ತಾರೆ. ಒಂದು ಸ್ಟ್ರಿಪ್ಪಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ. ಖಿನ್ನತೆಗೆ, ಫಿಟ್ಸಿಗೆ ಕೊಡುವುದು ಎಂದು ಬರುತ್ತದೆ. ‘ನನಗೇನು ಹುಚ್ಚಾ?’ ಎಂದು ಅಲ್ಲೇ ಎಸೆಯಿರಿ. ಮೆಣಸಿನಕಾಯಿಯ ಖಾರದ ಸತ್ವ ತೆಗೆದು ಮಾಡಿದ ಪಟ್ಟಿಯೂ ಈ ನೋವಿಗೆ ಇದೆ. ಅದನ್ನು ಕೇಳಿ ಉತ್ಸಾಹಗೊಂಡು ನಮ್ಮ ಷಡ್ಡಕರು ಮಿಕ್ಸಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಅರೆಯಲು ಹೊರಟಿದ್ದರು. ಬ್ಯಾಡಗಿಯಲ್ಲಿ ಬಣ್ಣವೇ ಹೊರತು ಖಾರ ಎಲ್ಲಿದೆ? ಕೆಡಿಸಿಕೊಳ್ಳುವುದಕ್ಕೂ ತಿಳಿವಳಿಕೆ ಬೇಕು, ಗುಂಟೂರು ತನ್ನಿ.

ಕೊನೆಗೊಂದು ದೊಡ್ಡ ಕಂಟಕದ ಬಗ್ಗೆ ಎಚ್ಚರಿಸಬೇಕು. ಇದಕ್ಕೆ ಲಸಿಕೆ ಬಂದಿದೆ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದದ್ದು 2023ರಲ್ಲಿ ನಮ್ಮ ದೇಶಕ್ಕೂ ಕಾಲಿಟ್ಟಿತು. 50 ದಾಟಿದವರಿಗೆ ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳು. ದೊಡ್ಡ ಪ್ರಯೋಗಗಳಲ್ಲಿ ಅದು ನೂರರಲ್ಲಿ ತೊಂಬತ್ತರ ಆಸುಪಾಸು, ಕೆಲವು ಕಡೆ ಅದಕ್ಕಿಂತ ಹೆಚ್ಚಾಗಿಯೇ ತಡೆದಿದೆ. ಅದೃಷ್ಟಕ್ಕೆ ಬೆಲೆ ದುಬಾರಿ, ಎರಡೂ ಸೇರಿದರೆ ಐದಂಕಿಯ ಬಿಲ್ಲು. ಅದನ್ನೇ ದೊಡ್ಡದು ಮಾಡಿ. ‘ಬಂದಾಗ ನೋಡಿಕೊಳ್ಳೋಣ’ ಎನ್ನಿ. ಆಮೇಲೆ ಎರಡು ವರ್ಷ ನರದ ಮಾತ್ರೆ, ಸ್ಕ್ಯಾನು, ಆಟೋ, ಘಾಟಿಯ ಟ್ಯಾಕ್ಸಿಗೆ ಎಷ್ಟಾಯಿತೆಂದು ಲೆಕ್ಕ ಬರೆಯಬೇಡಿ. ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದವನು, ಚಟ ಬಿಡದೆ ಬರೆದೆ, ಒಂದು ರಾತ್ರಿಯ ನಿದ್ದೆ ಹೋಯಿತು. ಇನ್ನೊಂದು ಗುಟ್ಟು, ದಯವಿಟ್ಟು ಹೊರಗೆ ಬಿಡಬೇಡಿ. ಆ ಲಸಿಕೆಗೆ ಕಸುವು ತುಂಬುವ ಪದಾರ್ಥಗಳಲ್ಲಿ ಒಂದು, ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆದದ್ದು, ಸೀಗೆಕಾಯಿಯ ಹಾಗೆ ನೊರೆ ಬರುವ ತೊಗಟೆ. ಗಿಡಮೂಲಿಕೆ ಎಂದು ಗೊತ್ತಾದರೆ ನಮ್ಮ ಜನ ಕ್ಯೂ ನಿಂತುಬಿಟ್ಟಾರು.

ಶಿಷ್ಯರನ್ನು ಆರಿಸಿಕೊಳ್ಳುವಾಗಲೂ ಜಾಗ್ರತೆ. ಹೋದ ವರ್ಷ ನಮ್ಮ ಭಾವ ಬೆಳಿಗ್ಗೆ ಏಳಕ್ಕೆ ಫೋನು ಮಾಡಿದರು. ಬಲಗಡೆ ಪಕ್ಕೆಯಲ್ಲಿ ಮೂರು ದಿನದಿಂದ ಉರಿ, ನೆನ್ನೆ ರಾತ್ರಿ ಸಣ್ಣ ಗುಳ್ಳೆ ಎದ್ದಿವೆ ಎಂದರು. ನಾನು ಗಂಟಲು ಸರಿಮಾಡಿಕೊಂಡು, ‘ಓಮದ ನೀರು...’ ಎಂದು ಶುರುಮಾಡುವಷ್ಟರಲ್ಲಿ ಇವಳು ಒದ್ದೆ ಕೈಯಲ್ಲೇ ಫೋನು ಕಿತ್ತುಕೊಂಡಳು. ‘ಅಣ್ಣಾ, ತಿಂಡಿ ಆಮೇಲೆ ತಿನ್ನು, ಈಗಲೇ ಹೊರಡು. ಇವರ ಮಾತು ಕೇಳಬೇಡ.’ ಹೋದರು. ಏಳು ದಿನ, ದಿನಕ್ಕೆ ಐದು, ಎಣಿಸಿ ನುಂಗಿದರು. ಮೂರು ವಾರಕ್ಕೆ ಎಲ್ಲ ಮುಗಿಯಿತು. ಈಗ ಮದುವೆ ಮನೆಗಳಲ್ಲಿ ನನ್ನ ಸುತ್ತ ಜನ ಕುರ್ಚಿ ಎಳೆದುಕೊಂಡು ಕೂತು ನನ್ನ ಕತೆ ಕೇಳುತ್ತಾರೆ. ಭಾವನಿಗೆ ಹೇಳಿಕೊಳ್ಳಲು ಏನೂ ಇಲ್ಲ. ಮೊದಲ ಪಂಕ್ತಿಯಲ್ಲಿ, ಗರಗರ ತಿರುಗುವ ಫ್ಯಾನಿನ ಕೆಳಗೇ ಎಲೆ ಹಿಡಿದು ಕೂತು, ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುತ್ತಾರೆ.